ಹರಿಗೋಲಿಗೆ ಗದ್ದ ಊರಿದ ಎಮ್ಮೆ

ಪಂಪ್‌ಸೆಟ್ ರಿಪೇರಿಗೆಂದು ಹಂಪಿಯ ಹೊಳೆ ದಾಟಬೇಕಿತ್ತು. ಬೆಳಗಿನ ಮಂಜಿಗೆ ಆಚೆ ದಡವೇ ಕಾಣುತ್ತಿರಲಿಲ್ಲ. ಹರಿಗೋಲಿನಲ್ಲಿ ಅಂಬಿಗ ಮತ್ತು ನಾನು ಇಬ್ಬರೇ, ನನ್ನ ತೊಡೆಯ ಮೇಲೆ ಸಾಮಾನಿನ ಪೆಟ್ಟಿಗೆ. ನಡುಹೊಳೆಯಲ್ಲಿ ಮಂಜಿನೊಳಗಿಂದ ಎಮ್ಮೆಯ ತಲೆಯೊಂದು ತೇಲಿ ಬಂದು, ಹರಿಗೋಲಿನ ಅಂಚಿಗೆ ಗದ್ದ ಊರಿ ಕಣ್ಣು ಮುಚ್ಚಿತು. ಹರಿಗೋಲು ಅತ್ತ ವಾಲಿತು. ನಾನು ಪೆಟ್ಟಿಗೆ ಅಪ್ಪಿಕೊಂಡೆ.

“ಅಣ್ಣಾ, ಮುಳುಗ್ತೀವಿ! ಅದನ್ನ ಓಡಿಸ್ರಿ!”

“ಬ್ಯಾಡ್ರಿ. ಆ ಕಡಿ ಮೇಯಾಕ ಹೊಂಟೈತಿ. ಅರ್ಧ ಹೊಳಿ ಈಜತೈತಿ, ಇಲ್ಲಿಂದ ನಮ್ಮ ಜೋಡಿ ಬರತೈತಿ. ನೀವ ಚೂರು ಅದರ ಎದುರು ಕಡಿ ಸರೀರಿ.”

“ನಾನ್ಯಾಕೆ ಸರೀಬೇಕು?”

“ಅದು ದಿನದ ಗಿರಾಕಿರಿ. ನೀವು ಇವತ್ತ ಬಂದೀರಿ.”

ಸರಿದೆ. ಹರಿಗೋಲು ಸಮವಾಯಿತು. ಹುಟ್ಟಿನ ಸದ್ದು, ಎಮ್ಮೆಯ ಬೆಚ್ಚನೆಯ ಉಸಿರು, ಸುತ್ತ ಬಿಳಿ ಮಂಜು. ಎತ್ತ ಹೋಗುತ್ತಿದ್ದೇವೆ ಎಂಬುದೇ ಮರೆತುಹೋಗಿ ನನಗೂ ಕಣ್ಣು ಎಳೆಯಿತು. ಎಚ್ಚರವಾದಾಗ ದಡ ಬಂದಿತ್ತು. ಎಮ್ಮೆ ನನಗಿಂತ ಮೊದಲೇ ಹತ್ತಿ, ಮೈ ಕೊಡವಿ ನನ್ನನ್ನು ತೋಯಿಸಿ, ತಿರುಗಿಯೂ ನೋಡದೆ ಹೋಯಿತು.

ಮಧ್ಯಾಹ್ನ ವಾಪಸ್ ಬರುವಾಗ ನಿಚ್ಚಳ ಬಿಸಿಲು. ಆದರೂ ನಡುಹೊಳೆ ಬಂದಾಗ ಯಾರೂ ಹೇಳದೆಯೇ ಒಂದು ಕಡೆ ಸರಿದು ಕೂತೆ. ಹರಿಗೋಲು ವಾಲಿತು.

“ಅದು ಸಂಜಿಗೆ ಬರತೈತ್ರಿ,” ಅಂದ ಅಂಬಿಗ. “ನೀವು ನಡುವ ಕುಂದ್ರಿ.”