ಎಡಗಿವಿಗೆ ಸಿಕ್ಕ ತಾರೀಕು

ಎಡಗಿವಿ ಯಾವಾಗಿನಿಂದ ಕೇಳುತ್ತಿಲ್ಲ ಎಂದು ಡಾಕ್ಟರು ಕೇಳಿದಾಗ ಬಾಯಿಗೆ ಬಂದ ಒಂದು ತಿಂಗಳ ಹೆಸರು ಹೇಳಿದೆ. ಹಲ್ಲು ಕೆಟ್ಟರೆ ನೋಯುತ್ತದೆ, ಮೊಣಕಾಲು ಕೆಟ್ಟರೆ ಮೆಟ್ಟಿಲು ನೆನಪಿಸುತ್ತದೆ. ಕಿವಿ ಮಾತ್ರ ಹೇಳದೆ ಕೇಳದೆ ಎದ್ದು ಹೋಗುತ್ತದೆ. ನನಗೆ ಗೊತ್ತಾದದ್ದು ಫೋನಿನಿಂದ. ಮುಲುಂಡಿನ ನಮ್ಮ ಮನೆಯ ಅಡುಗೆಕಟ್ಟೆಯ ಮುಂದೆ ನಿಂತು, ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಇಕ್ಕಳ, ಫೋನು ಎಡಭುಜಕ್ಕೂ ಕಿವಿಗೂ ನಡುವೆ. ಉಡುಪಿಯಿಂದ ತಂಗಿಯ ಕರೆ. ಲೈನ್ ಸತ್ತಿದೆ ಎಂದುಕೊಂಡು ಇಡಲು ಹೊರಟವಳು ಸುಮ್ಮನೆ ಬಲಗಿವಿಗೆ ಹಿಡಿದೆ. ತಂಗಿ ಯಾವುದೋ ಮದುವೆಯ ಕಥೆಯನ್ನು ಅರ್ಧ ಹೇಳಿ ಮುಗಿಸಿದ್ದಳು.

ಆಮೇಲೆ ನಾನೇ ಪ್ರಯೋಗಗಳನ್ನು ಶುರು ಮಾಡಿದೆ. ಗಡಿಯಾರವನ್ನು ಎಡಕ್ಕೆ ಹಿಡಿದು ನೋಡಿದೆ, ಹುಣಸೆ ಬೀಜ ಡಬ್ಬಿಗೆ ಹಾಕಿ ಕುಲುಕಿದೆ, ಕುಕ್ಕರಿನ ಸೀಟಿಗೆ ಬಲಗಿವಿ ಮುಚ್ಚಿ ನಿಂತೆ. ಎಡಗಡೆಯ ಲೋಕಕ್ಕೆ ಯಾರೋ ಹತ್ತಿ ತುರುಕಿದ್ದರು. ನನ್ನ ಗಂಡನಿಗೂ ಇದು ತಿಳಿದಿರಲಿಲ್ಲ. ಅವರು ಮಲಗುವುದು ನನ್ನ ಎಡಗಡೆಗೆ, ಆದರೆ ಮಾತು ಕಡಿಮೆ. ಅವರು ಹೇಳಿದ್ದಕ್ಕೆ ನಾನು ಉತ್ತರ ಕೊಡದೇ ಇರುವುದೂ ನಮ್ಮ ಮನೆಯಲ್ಲಿ ಹೊಸತಲ್ಲ.

ಅವರು ಸಾಂತಾಕ್ರೂಜಿನ ಒಂದು ಉಡುಪಿ ಹೋಟೆಲಿನ ಮ್ಯಾನೇಜರು. ಗಲ್ಲಾದ ಹಿಂದೆ ಕೂತು ಕೂತು ಅವರಿಗೊಂದು ಸಿದ್ಧಾಂತ ಬಂದಿದೆ: ಮುಂಬಯಿಯಲ್ಲಿ ಗುರ್ತದವರು ಇದ್ದರೆ ಎಲ್ಲ ಕೆಲಸವೂ ಆಗುತ್ತದೆ. ರೈಲಿನ ಟಿಕೆಟ್, ಗ್ಯಾಸ್ ಸಿಲಿಂಡರ್, ಮಗಳ ಕಾಲೇಜು, ಎಲ್ಲವೂ ಹಾಗೆಯೇ ಆಗಿದ್ದವು. ಆದರೆ ಮುನ್ಸಿಪಾಲಿಟಿಯ ಆಸ್ಪತ್ರೆಯ ಕಿವಿ ವಿಭಾಗದಲ್ಲಿ ಅವರ ಗುರ್ತದವರು ಯಾರೂ ಸಿಗಲಿಲ್ಲ. ದೊಡ್ಡ ಡಾಕ್ಟರುಗಳು ಅಲ್ಲೇ ಇರುತ್ತಾರೆ ಎಂದು ನಂಬಿ ನಾವು ಅಲ್ಲಿಗೆ ಹೋಗಿದ್ದೆವು. ನಂಬಿಕೆ ಸುಳ್ಳಾಗಲಿಲ್ಲ. ಡಾಕ್ಟರಮ್ಮ ನಿಧಾನವಾಗಿ ಪರೀಕ್ಷಿಸಿ, ಕೇಳಿಸುವ ನರದ ಮೇಲೆ ಗಡ್ಡೆಯೇನಾದರೂ ಇದೆಯಾ ಎಂದು ನೋಡಬೇಕು, ತಲೆಯ ಎಂಆರ್‌ಐ ಮಾಡಿಸಿ ಎಂದರು. ಗಡ್ಡೆ ಎಂಬ ಮಾತನ್ನು ಅವರು ಮೆತ್ತಗೆ ಹೇಳಿದ್ದರು. ನನ್ನ ಬಲಗಿವಿ ಅದನ್ನು ಸ್ಪಷ್ಟವಾಗಿ ಹಿಡಿಯಿತು.

ಸ್ಕ್ಯಾನಿನ ಕಿಟಕಿಯಲ್ಲಿ ತಾರೀಕು ಕೊಟ್ಟರು. ನಾಲ್ಕು ತಿಂಗಳ ನಂತರದ್ದು. ಪಕ್ಕದ ಬೆಂಚಿನಲ್ಲಿ ಕಲಬುರಗಿ ಕಡೆಯ ಹೆಂಗಸೊಬ್ಬಳು ಕೂತಿದ್ದಳು. ಕಟ್ಟಡದ ಕೆಲಸದವಳು, ಕೆಲಸದಲ್ಲಿ ಬೆನ್ನು ಹಿಡಿದಿತ್ತು. ಅವಳ ತಾರೀಕು ನನ್ನದಕ್ಕಿಂತಲೂ ಆಚೆ. ಇಷ್ಟು ದಿನ ಕಾಯುವುದು ಹೇಗೆ ಎಂದು ನಾನು ಗೊಣಗಿದೆ.

"ತಾರೀಕ್ ಬರ್ತದ್ರಿ ಅಕ್ಕಾರ, ಅದೇನ್ ತಪ್ಪಂಗಿಲ್ಲ," ಎಂದಳು ಅವಳು. "ಅಲ್ಲೀತನಕ ನಾವ್ ಇರಬೇಕಲ್ರಿ."

ಅದನ್ನು ಹೇಳಿ ಅವಳು ಚೀಲದಿಂದ ಶೇಂಗಾ ತೆಗೆದು ನನಗೂ ಕೊಟ್ಟಳು. ನಾನು ತಿಂದೆ. ಗಂಡ ತಿನ್ನಲಿಲ್ಲ.

ಅಂದಿನಿಂದ ರಾತ್ರಿ ಮಲಗಿದ ಮೇಲೆ ಎಡಗೆನ್ನೆಗೆ ಬಿಸಿ ಉಸಿರು ತಾಗಲು ಶುರುವಾಯಿತು. ಅವರು ಏನೋ ಹೇಳಿಕೊಳ್ಳುತ್ತಿದ್ದರು. ಬಲಗಿವಿ ದಿಂಬಿನಲ್ಲಿ ಹುದುಗಿರುತ್ತಿದ್ದುದರಿಂದ ನನಗೆ ಉಸಿರಷ್ಟೇ ತಲುಪುತ್ತಿತ್ತು, ಮಾತಲ್ಲ. ಜಪವೋ, ನಾಳೆಯ ತರಕಾರಿಯ ಲೆಕ್ಕವೋ. ತಿರುಗಿ ಕೇಳಿದರೆ "ಎಂತದಿಲ್ಲ, ಮಲಗು" ಎನ್ನುತ್ತಿದ್ದರು.

ಒಂದು ವಾರ ಕಳೆದಿರಬೇಕು. ಹೋಟೆಲಿಗೆ ದಿನಾ ಇಡ್ಲಿಗೆ ಬರುವ ಗಿರಾಕಿಯೊಬ್ಬರು ಬಾಂದ್ರಾದ ಒಂದು ಖಾಸಗಿ ಸ್ಕ್ಯಾನ್ ಸೆಂಟರಿನ ನಂಬರು ಕೊಟ್ಟರು. ಫೋನು ಮಾಡಿದ್ದು ನಾನೇ. ಆ ಕಡೆಯ ಹುಡುಗಿ ಇಂಪಾದ ಹಿಂದಿಯಲ್ಲಿ, ಆಂಟಿ, ಇವತ್ತು ಮಧ್ಯಾಹ್ನ ಬರುತ್ತೀರಾ, ನಾಳೆ ಬರುತ್ತೀರಾ ಎಂದಳು. ನಾಳೆ ಎಂದು ಹೇಳಿ ಫೋನಿಟ್ಟೆ. ಅದೇ ಊರು, ಅದೇ ಥರದ ಮೆಷಿನ್, ಅದೇ ನನ್ನ ತಲೆ. ನಾಲ್ಕು ತಿಂಗಳು ಎಲ್ಲಿ ಹೋಯಿತು? ದುಡ್ಡು ಕೊಟ್ಟರೆ ಸಾಮಾನು ಸಿಗುವುದು ಗೊತ್ತು, ಸೇವೆ ಸಿಗುವುದೂ ಗೊತ್ತು. ನಾಲ್ಕು ತಿಂಗಳು ಕೂಡ ಅಂಗಡಿಯಲ್ಲಿ ಸಿಗುತ್ತದೆ ಎಂಬುದು ನನಗೆ ಅಲ್ಲಿಯತನಕ ಹೊಳೆದೇ ಇರಲಿಲ್ಲ. ಬೆಲೆ ಎಷ್ಟೆಂದು ಗಂಡ ಹೇಳಲಿಲ್ಲ. ದೀಪಾವಳಿಗೆ ಊರಿಗೆ ಹೋಗುವ ಮಾತು ಆಮೇಲೆ ಬರಲಿಲ್ಲವಾದ್ದರಿಂದ ಅಂದಾಜಾಯಿತು.

ಮೈಮೇಲೆ ಲೋಹದ್ದು ಏನೂ ಇರಕೂಡದು ಎಂದು ಹುಡುಗಿ ಎರಡೆರಡು ಸಲ ಹೇಳಿದ್ದಳು. ನಮ್ಮಲ್ಲಿ ಗಲಾಟೆ ಎದ್ದದ್ದು ಅಲ್ಲಿಂದ. ನನ್ನ ಮೂಗುಬೊಟ್ಟು ಚಿಕ್ಕಂದಿನಲ್ಲಿ ಅಜ್ಜಿ ಕೂರಿಸಿ ಚುಚ್ಚಿಸಿದ್ದು. ಅದರ ತಿರುಪು ಎಂದೋ ಮೂಗಿನ ಭಾಗವೇ ಆಗಿಹೋಗಿತ್ತು. ಅಕ್ಕಸಾಲಿಯೊಬ್ಬನ ಮುಂದೆ ಕೂತು, ಕೊಬ್ಬರಿ ಎಣ್ಣೆ ಬಿಟ್ಟು, ಕಣ್ಣೀರು ಸುರಿಸಿ ತೆಗೆಸಿದ್ದಾಯಿತು. ತೂತು ಮುಚ್ಚಿಹೋಗದಂತೆ ನಮ್ಮ ಕಡೆಯವರು ಮಾಡುವ ಹಾಗೆ ಹಿಡಿಸೂಡಿ ಪೊರಕೆಯ ಒಂದು ಕಡ್ಡಿ ಮುರಿದು, ತೊಳೆದು, ಮೂಗಿಗೆ ಸಿಕ್ಕಿಸಿಕೊಂಡೆ. ಕಾಲುಂಗುರಗಳನ್ನು ಸೋಪು ಹಚ್ಚಿ ಕಳಚಿದೆ. ಉಳಿದದ್ದು ಕರಿಮಣಿ.

"ಅದು ಕುತ್ತಿಗೆಯಿಂದ ತೆಗೀಬಾರ್ದು ಅಂತ ಅಮ್ಮ ಹೇಳ್ತಿದ್ರು," ಎಂದರು ಗಂಡ.

"ಮೆಷಿನಿಗೆ ನಿಮ್ಮ ಅಮ್ಮನ ಗುರ್ತ ಉಂಟಾ? ಅರಿಶಿನದ ಕೊಂಬು ಕಟ್ಟಿಕೊಳ್ತೇನೆ. ಅದಕ್ಕೂ ಶಾಸ್ತ್ರ ಉಂಟು."

"ನೀನು ಕಟ್ಟಿಕೊ. ಆದ್ರೆ ಕರಿಮಣಿ ಎಲ್ಲೆಲ್ಲೋ ಇಡುವ ವಸ್ತು ಅಲ್ಲ ಮಾರಾಯ್ತಿ."

ಗಡ್ಡೆಯ ಬಗ್ಗೆ ಅವರು ಅಷ್ಟು ದಿನಗಳಲ್ಲಿ ಒಂದು ಮಾತಾಡಿದ್ದಿಲ್ಲ. ಕರಿಮಣಿಯ ಬಗ್ಗೆ ಮಾತ್ರ ಬಾಂದ್ರಾ ಬರುವತನಕ ಆಡಿದರು. ನನಗೆ ಸಿಟ್ಟು ಬಂತು. ಈ ಮನುಷ್ಯನಿಗೆ ನನ್ನ ತಲೆಗಿಂತ ಕುತ್ತಿಗೆ ದೊಡ್ಡದಾಯಿತಲ್ಲ ಎಂದು ದಾದರಿನ ಸೇತುವೆಯ ಮೇಲೆ ಬೇಕೆಂದೇ ಮುಂದೆ ಮುಂದೆ ನಡೆದೆ.

ಸೆಂಟರಿನ ಹಾಲ್‌ನಲ್ಲಿ ಏಸಿ ಎಷ್ಟಿತ್ತೆಂದರೆ ಜನ ಶಾಲು ಹೊದ್ದು ಕೂತಿದ್ದರು. ಸರದಿ ಅಲ್ಲಿಯೂ ಇತ್ತು, ನನ್ನ ಮುಂದೆ ಇಬ್ಬರು. ನಾನು ಸುತ್ತ ನೋಡಿದೆ. ಶೇಂಗಾ ಕೊಡುವಂಥ ಮುಖ ಒಂದೂ ಇರಲಿಲ್ಲ. ಎಲ್ಲರೂ ತಮ್ಮ ತಮ್ಮ ಫೋನಿಗೆ ತಲೆ ಬಾಗಿಸಿದ್ದರು. ಬೇಗ ಸಿಗುವ ಕಡೆ ಮಾತಿಗೆ ಸಮಯವಿರುವುದಿಲ್ಲವೇನೋ.

ಬಟ್ಟೆ ಬದಲಿಸಿ, ಅರಿಶಿನದ ಕೊಂಬು ಕಟ್ಟಿಕೊಂಡು, ಕರಿಮಣಿ, ಮನೆಯಲ್ಲೇ ಕಳಚಿದ್ದ ಕಾಲುಂಗುರ, ಬಳೆ ಎಲ್ಲವನ್ನೂ ಗಂಡನ ಕೈಗೆ ಕೊಟ್ಟೆ. ಲಾಕರಿನ ಬೀಗದ ಕೈಯನ್ನು ಕೌಂಟರಿನ ಹುಡುಗಿ ಅವರಿಗೆ ಕೊಟ್ಟಿದ್ದಳು. ಸ್ವಲ್ಪ ಹೊತ್ತಿಗೆ ನನ್ನ ಹೆಸರು ಕೂಗಿದರು. ಒಳಬಾಗಿಲಲ್ಲಿ ಟೆಕ್ನಿಶಿಯನ್ ಒಬ್ಬ, ನನ್ನ ಮಗಳ ವಯಸ್ಸಿನವನು, ಬೀಪ್ ಅನ್ನುವ ಕೋಲನ್ನು ನನ್ನ ಮೇಲೆ ಆಡಿಸಿದ. ಮೂಗಿನ ಹತ್ತಿರ ನಿಲ್ಲಿಸಿದ.

"ಆಂಟಿ, ಯೇ ಕ್ಯಾ ಹೈ?"

"ಝಾಡೂ," ಎಂದೆ. ಕಡ್ಡಿಯ ಚರಿತ್ರೆಯನ್ನು ನನಗೆ ಬರುವ ಹಿಂದಿಯಲ್ಲಿ ಹೇಳಿದೆ. ಅವನು ನಗುವುದನ್ನು ಕಷ್ಟಪಟ್ಟು ತಡೆದುಕೊಂಡ. ಕೋಲು ಕಡ್ಡಿಯನ್ನೂ ಅರಿಶಿನದ ಕೊಂಬನ್ನೂ ಪಾಸು ಮಾಡಿತು. ನನಗೆ ಹೆದರಿಕೆಯಾಗುತ್ತಿರುವುದು ಕಂಡಿತೋ ಏನೋ, ಮನೆಯವರೊಬ್ಬರು ಒಳಗೆ ಕೂರಬಹುದು, ಕಾಲು ಹಿಡಿದುಕೊಂಡಿರಬಹುದು ಎಂದ. ಗಂಡ ಎದ್ದು ಬಂದರು. ಕೋಲು ಅವರ ಎದೆಯ ಹತ್ತಿರ ಬಂದದ್ದೇ ಕೂಗಿಕೊಂಡಿತು. ಕೈಗಳ ಹತ್ತಿರವೂ ಕೂಗಿತು.

ಆಗ ನೋಡಿದೆ. ಹೋಟೆಲಿನ ಬಿಸಿಯಲ್ಲೂ ಮೇಲಿನ ಗುಂಡಿ ಹಾಕದ ಮನುಷ್ಯ ಅಂಗಿಯನ್ನು ಗಂಟಲತನಕ ಬಿಗಿದಿದ್ದರು. ಕಾಲರಿನ ಅಂಚಿನಲ್ಲಿ ಕರಿಯ ಮಣಿಗಳು. ಎರಡು ಕಿರುಬೆರಳುಗಳಲ್ಲಿ ನನ್ನ ಕಾಲುಂಗುರ.

"ಎಂತದಿದು?" ಎಂದೆ.

"ಕುತ್ತಿಗೆಯಲ್ಲಿ ಇರ್ಬೇಕು ಅಂತ ಅಮ್ಮ ಹೇಳಿದ್ದು. ಯಾರ ಕುತ್ತಿಗೆ ಅಂತ ಹೇಳ್ಲಿಲ್ಲ."

ಟೆಕ್ನಿಶಿಯನ್ ಅದನ್ನೆಲ್ಲ ತೆಗೆದು ಲಾಕರಿನಲ್ಲಿಟ್ಟು ಬನ್ನಿ ಎಂದ. ಗಂಡ ನನ್ನನ್ನೊಮ್ಮೆ, ಒಳಗಿನ ಮೆಷಿನನ್ನೊಮ್ಮೆ ನೋಡಿದರು. ಬರಬೇಕೆಂದು ಅವರಿಗೆ ತುಂಬ ಆಸೆಯಿತ್ತು, ಅದು ಕಾಣುತ್ತಿತ್ತು. ಕೈ ಗುಂಡಿಯತನಕ ಹೋಯಿತು, ಅಲ್ಲೇ ನಿಂತಿತು.

"ನಾನು ಹೊರಗೇ ಇರ್ತೇನೆ," ಎಂದರು. "ನೀನು ಒಳಗೆ ಇರುವಷ್ಟು ಹೊತ್ತು ಇದು ಇಲ್ಲೇ ಇರ್ಲಿ."

ನಗು ಬಂತು. ಸೇತುವೆಯ ಮೇಲಿನ ಸಿಟ್ಟು ಎಲ್ಲಿ ಬಿದ್ದುಹೋಯಿತೋ ತಿಳಿಯಲಿಲ್ಲ.

ಮೆಷಿನ್ ನೋಡಲು ಸಾಧುವಾಗಿತ್ತು. ಕಿವಿಗಳಿಗೆ ಬೆಂಡು ತುರುಕಿ, ಮುಖದ ಮೇಲೆ ಪಂಜರ ಮುಚ್ಚಿ, ಕೈಗೆ ಒಂದು ರಬ್ಬರಿನ ಉಂಡೆ ಕೊಟ್ಟು, ಹೆದರಿಕೆಯಾದರೆ ಒತ್ತಿ ಎಂದ ಹುಡುಗ. ಮಂಚ ಒಳಕ್ಕೆ ಜಾರಿತು. ಆಮೇಲಿನ ಸದ್ದಿಗೆ ಕನ್ನಡದಲ್ಲಿ ಹೆಸರಿಲ್ಲ. ಮೊದಲು ಯಾರೋ ಬಾಗಿಲು ಬಡಿದ ಹಾಗೆ, ಮತ್ತೆ ಗ್ರೈಂಡರಿನಲ್ಲಿ ಕಲ್ಲು ಸಿಕ್ಕಿದ ಹಾಗೆ. ನಡುವೆ ಒಂದು ವಿಚಿತ್ರ ಗಮನಕ್ಕೆ ಬಂತು. ಎರಡೂ ಕಿವಿಗೆ ಬೆಂಡು ಹಾಕಿದ್ದರಿಂದ ಎಷ್ಟೋ ದಿನಗಳ ಮೇಲೆ ಎರಡೂ ಸರಿಸಮವಾಗಿದ್ದವು. ಎಡ ಯಾವುದು, ಬಲ ಯಾವುದು ಎಂಬ ಭೇದವೇ ಇರಲಿಲ್ಲ. ಸದ್ದು ಹಲ್ಲಿನಿಂದ, ಕೆನ್ನೆಯ ಮೂಳೆಯಿಂದ ಒಳಗೆ ಬರುತ್ತಿತ್ತು. ನನ್ನ ತಲೆಯೊಳಗೆ ಈಗ ಏನು ಕಾಣುತ್ತಿರಬಹುದು ಎಂದು ಯೋಚಿಸಿದೆ. ಇಷ್ಟು ವರ್ಷ ಹೊತ್ತು ತಿರುಗಿದ ತಲೆ, ಒಮ್ಮೆಯಾದರೂ ಒಳಗಿಣುಕಿ ನೋಡಿಲ್ಲ. ಗಡ್ಡೆ ಇದ್ದರೆ ಅದೂ ಈಗ ಉಸಿರು ಬಿಗಿಹಿಡಿದು ಮಲಗಿದೆಯಾ? ಆಗ ಹೆದರಿಕೆ ನಿಜವಾಗಿ ಹತ್ತಿತು. ಉಂಡೆಯನ್ನು ಒತ್ತಲಿಲ್ಲ. ಹೊರಗೆ ಒಬ್ಬರು ಕರಿಮಣಿ ಹಾಕಿಕೊಂಡು ಕೂತಿದ್ದಾರೆ ಎಂದು ನೆನಪು ಮಾಡಿಕೊಂಡೆ.

ಹೊರಬಂದಾಗ ಅವರ ಸುತ್ತ ಹಾಲ್ ಸ್ವಲ್ಪ ಬದಲಾಗಿತ್ತು. ಶಾಲು ಹೊದ್ದ ಗುಜರಾತಿ ಅಜ್ಜಿಯೊಬ್ಬಳು ಅವರ ಕಿರುಬೆರಳಿಗೆ ಹ್ಯಾಂಡ್ ಕ್ರೀಮ್ ಹಚ್ಚುತ್ತಿದ್ದಳು. ಬಲಗೈಯ ಕಾಲುಂಗುರ ಹೊರಗೆ ಬರಲು ಒಪ್ಪುತ್ತಿರಲಿಲ್ಲ. ಎಲ್ಲರ ಫೋನುಗಳೂ ಮಡಿಲಿಗೆ ಇಳಿದಿದ್ದವು, ಒಬ್ಬೊಬ್ಬರೂ ಒಂದೊಂದು ಸಲಹೆ ಕೊಡುತ್ತಿದ್ದರು. ಕೊನೆಗೆ ಬಾತ್‌ರೂಮಿನ ಸೋಪೇ ಬೇಕಾಯಿತು.

ಮಾರನೆಯ ದಿನ ರಿಪೋರ್ಟು ಬಂತು. ದೊಡ್ಡ ಲಕೋಟೆಯನ್ನು ಮುನ್ಸಿಪಾಲಿಟಿಯ ಆಸ್ಪತ್ರೆಗೇ ಒಯ್ದೆವು. ಡಾಕ್ಟರಮ್ಮ ಫಿಲ್ಮನ್ನು ಬೆಳಕಿಗೆ ಹಿಡಿದು, ನನಗೂ ತೋರಿಸಿದರು. ಕೇಳಿಸುವ ನರದ ಮೇಲೆ ಉದ್ದಿನ ಕಾಳಿನಷ್ಟು ಬಿಳಿಯ ಚುಕ್ಕೆ. ಗಡ್ಡೆಯೇ. ಕ್ಯಾನ್ಸರ್ ಜಾತಿಯದ್ದಲ್ಲ, ತುಂಬ ನಿಧಾನವಾಗಿ ಬೆಳೆಯುವಂಥದ್ದು, ಸದ್ಯ ಚಾಕು ಬೇಡ, ಕಣ್ಣಿಟ್ಟಿರೋಣ ಎಂದರು. ಎಡಗಿವಿ ಮತ್ತೆ ಕೇಳಿಸುತ್ತದೆಯಾ ಎಂದೆ. ಇಲ್ಲ, ಎಂದರು. ಆರು ತಿಂಗಳ ಮೇಲೆ ಇನ್ನೊಂದು ಸ್ಕ್ಯಾನ್ ಆಗಬೇಕು, ಈಗಲೇ ತಾರೀಕು ತೆಗೆದುಕೊಳ್ಳಿ.

ಅದೇ ಕಿಟಕಿಗೆ ಹೋದೆವು. ಹಳೆಯ ತಾರೀಕನ್ನು ಬಿಟ್ಟುಕೊಟ್ಟು, ಅದಕ್ಕೂ ಎರಡು ತಿಂಗಳು ಆಚೆಯದನ್ನು ಕೇಳಿದೆ. ಕಿಟಕಿಯ ಆಚೆಯ ಗುಮಾಸ್ತ ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದ. ಮುಂದಕ್ಕೆ ಹಾಕಿ ಎಂದು ಕೇಳುವವರು ಅವನಿಗೆ ಅಪರೂಪ. ಬಿಟ್ಟ ಜಾಗವನ್ನು ಕಲಬುರಗಿಯ ಹೆಂಗಸಿಗೆ ಕೊಡಲಾಗುತ್ತದೆಯಾ ಎಂದು ವಿಚಾರಿಸಿದೆ. ಮುಂದಿನವರು ಯಾರೋ ಅವರಿಗೇ ಹೋಗುತ್ತದೆ ಎಂದ. ಅವಳ ಹೆಸರು ನಾನು ಕೇಳಿಟ್ಟುಕೊಂಡಿರಲಿಲ್ಲ.

ವಾಪಸು ಬರುವಾಗ ನಾನು ಲೇಡೀಸ್ ಡಬ್ಬಿ ಹತ್ತಲಿಲ್ಲ, ಅವರ ಜೊತೆಯೇ ಜನರಲ್‌ನಲ್ಲಿ ಕೂತೆ. ಮಧ್ಯಾಹ್ನದ ಲೋಕಲ್, ಜಾಗ ಸಿಕ್ಕಿತು. ಅವರು ಅಭ್ಯಾಸಬಲದಿಂದ ಎಡಗಡೆ ಕೂತರು. ಕುರ್ಲಾ ದಾಟಿದ ಮೇಲೆ ಎಡಗೆನ್ನೆಗೆ ಅದೇ ಬಿಸಿ ಉಸಿರು ತಾಗಿತು. ತಿರುಗಿ ನೋಡಿದರೆ ತುಟಿ ಅಲ್ಲಾಡುತ್ತಿತ್ತು.

"ಈ ಬದಿಗೆ ಬನ್ನಿ," ಎಂದು ನಾನು ಸರಿದೆ. ಅವರು ಎದ್ದು ಬಲಗಡೆ ಬಂದು ಕೂತರು.

"ಈಗ ಹೇಳಿ. ಇಷ್ಟು ದಿನ ಆ ಕಿವಿಗೆ ಎಂತ ಹೇಳ್ತಾ ಇದ್ರಿ?"

"ಎಂತದಿಲ್ಲ."

ನಾನು ಬಿಡುವವಳಲ್ಲ. ಎರಡು ಸ್ಟೇಷನ್ ದಾಟುವತನಕ ಕೇಳಿದೆ. ಕೊನೆಗೆ ಅವರು ಕಿಟಕಿಯ ಆಚೆ ನೋಡುತ್ತ ಹೇಳಿದರು.

"ಹೆದರಿಕೆ ಆಗ್ತದೆ ಅಂತ ಹೇಳ್ತಾ ಇದ್ದೆ. ಆ ಕಿವಿಗೆ ಕೇಳುದಿಲ್ಲ ಅಲ್ವಾ, ಹಾಗೆ."

ಮುಲುಂಡಿನಲ್ಲಿ ಇಳಿದೆವು. ಮನೆಗೆ ಹೋದವಳು ಮೂಗಿನ ಕಡ್ಡಿಯನ್ನೂ ತೆಗೆಯದೆ ನೇರ ಒಳಗೆ ಹೋಗಿ, ಅವರದು ಬಲಕ್ಕೆ ಬರುವಂತೆ ಮಂಚದ ಮೇಲಿನ ಎರಡು ದಿಂಬುಗಳನ್ನು ಅದಲುಬದಲು ಮಾಡಿದೆ.