ಅಪ್ಪ ಹರಿದ ಮೂಲೆ

ನನ್ನ ಅಪ್ಪ ಕಾಗದವನ್ನು ಓದಿದ್ದಕ್ಕಿಂತ ಮುಟ್ಟಿದ್ದೇ ಹೆಚ್ಚು. ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ ಸಿದ್ಧವಾದ ಹಾಳೆಗಳನ್ನು ನೋಡಿ, ಕೆಟ್ಟವನ್ನು ಬೇರೆ ಮಾಡುವುದು ಅವನ ಕೆಲಸ. ಮನೆಗೆ ಬಂದ ಲಗ್ನಪತ್ರಿಕೆಯನ್ನೂ ಬಿಡುತ್ತಿರಲಿಲ್ಲ. ಹೆಬ್ಬೆರಳಲ್ಲಿ ಉಜ್ಜಿ, ಕಿಟಕಿಯ ಬೆಳಕಿಗೆ ಹಿಡಿದು, ಕಾಗದ ಮನಸ್ಸಿಗೆ ಹಿಡಿಸಿದರೆ ಮಾತ್ರ ಮೂಲೆಯನ್ನು ಚೂರು ಹರಿದು ಎಳೆ ನೋಡುತ್ತಿದ್ದ. ಆಮೇಲೆ ತೀರ್ಪು. ಸಾಧಾರಣ ಕಾಗದಕ್ಕೆ ಹರಿಸಿಕೊಳ್ಳುವ ಮರ್ಯಾದೆ ಇರಲಿಲ್ಲ. "ಲಗ್ನಪತ್ರ ಯಾರರ ಹರೀತಾರೇನ್ರಿ?" ಎಂದು ಅವ್ವ ಹಣೆ ಬಡಿದುಕೊಳ್ಳುತ್ತಿದ್ದಳು.

ಮಿಲ್ಲಿಗೆ ಬೇಡವಾದ ಹಾಳೆಗಳ ಮೇಲೆಯೇ ನಾನು ಚಿತ್ರ ಕಲಿತೆ. ಕರಿ ಚುಕ್ಕಿ ಬಿದ್ದಿದ್ದರೆ ಅದನ್ನೇ ಹಕ್ಕಿಯ ಕಣ್ಣು ಮಾಡುತ್ತಿದ್ದೆ. ಚೆಂದ ಐತಿ ಎಂದು ಅಪ್ಪ ಒಮ್ಮೆಯೂ ಅನ್ನಲಿಲ್ಲ. "ಬಣ್ಣ ಹಿಂದ ಇಳದೈತಿ ನೋಡು," ಅಷ್ಟೇ.

ಮುಂದೆ ನಾನು ಮಕ್ಕಳಿಗಾಗಿ ಮಾಡಿದ ಚಿತ್ರಪುಸ್ತಕಕ್ಕೆ ಪ್ರಶಸ್ತಿ ಬಂತು. ಕಾಳಿ ಹೊಳೆ ದಾಟಲು ಹೆದರುವ ಒಂದು ಹಕ್ಕಿಮರಿಯ ಕಥೆ. ಮುಖಪುಟದ ಮೇಲೆ ಪ್ರಶಸ್ತಿಯ ಬಂಗಾರ ಬಣ್ಣದ ಮುದ್ರೆಯಿದ್ದ ಮೊದಲ ಪ್ರತಿಯನ್ನು ಹಿಡಿದುಕೊಂಡು ಧಾರವಾಡದಿಂದ ದಾಂಡೇಲಿಯ ಬಸ್ಸು ಹತ್ತಿದೆ. ಪ್ರಶಸ್ತಿ ಕೊಟ್ಟವರು ಬೇಕಾದಷ್ಟು ಹೊಗಳಿದ್ದರು. ನನಗೆ ಬೇಕಿದ್ದದ್ದು ಅಪ್ಪನ ಒಂದು ಮಾತು.

ಅಪ್ಪ ಪುಸ್ತಕ ತೆರೆದ. ಉಜ್ಜಿದ. ಬೆಳಕಿಗೆ ಹಿಡಿದ. ನಾನು ತಿಂಗಳುಗಟ್ಟಲೆ ಕೂತು ಬಿಡಿಸಿದ ಹೊಳೆಯ ಪುಟದ ಮೂಲೆಯನ್ನು ಚರ್ರನೆ ಹರಿದ.

ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. "ಬುದ್ಧಿ ಐತಿಲ್ಲೋ ನಿನಗ? ಇದೇನು ನಿಮ್ಮ ಮಿಲ್ಲಿನ ರದ್ದಿ ಅಂತ ತಿಳ್ಕೊಂಡಿಯೇನು?" ಎಂದು ಪುಸ್ತಕ ಕಸಿದುಕೊಂಡೆ. ಅಪ್ಪ ಏನೋ ಹೇಳಲು ಬಾಯಿ ತೆರೆದಿದ್ದ, ಅದನ್ನು ಬಿಟ್ಟು "ತಪ್ಪಾತವಾ," ಎಂದು ಚೂರನ್ನು ನನ್ನ ಅಂಗೈಯಲ್ಲಿಟ್ಟು ಹೊರಗೆ ಹೋದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವಾಪಸು ಬರುವಾಗ ಹಳಿಯಾಳದ ಹತ್ತಿರ ನನಗೆ ಹೊಳೆಯಿತು, ಅಪ್ಪ ಹರಿದದ್ದು ಅದು ಮನಸ್ಸಿಗೆ ಹಿಡಿಸಿದ್ದಕ್ಕೆ. ತೀರ್ಪು ಅವನ ತುಟಿಯವರೆಗೆ ಬಂದಿತ್ತು. ಚಿಕ್ಕಂದಿನಿಂದ ನೋಡಿದವಳು ನಾನೇ ಅದನ್ನು ಮರೆತಿದ್ದೆ. ನಾಚಿಕೆಯಾಯಿತು, ಆದರೂ ತಿರುಗಿ ಹೋಗಲಿಲ್ಲ. ಮುಂದಿನ ಸಲ ಕೇಳಿದರಾಯಿತು ಅಂದುಕೊಂಡೆ.

ಮುಂದಿನ ಸಲಕ್ಕೆ ಅಪ್ಪನಿಗೆ ಲಕ್ವ ಹೊಡೆದಿತ್ತು. ಬಲಗೈ ಬಿದ್ದುಹೋಗಿತ್ತು, ಮಾತೂ ನಿಂತಿತ್ತು.

ಮೊನ್ನೆ ಅದೇ ಪುಸ್ತಕದ ಇನ್ನೊಂದು ಪ್ರತಿಯನ್ನು ಅವನ ತೊಡೆಯ ಮೇಲೆ ತೆರೆದಿಟ್ಟೆ. "ಅಪ್ಪಾ, ಹರಿದು ನೋಡು. ಹೆಂಗೈತಿ? ಗೋಣು ಹಾಕಿದ್ರೂ ಸಾಕು," ಎಂದೆ. ಅವನು ಮುಟ್ಟಲಿಲ್ಲ. ನಾನೇ ಹೊಳೆಯ ಮೂಲೆಯನ್ನು ಹರಿದು ಅವನ ಎಡಗೈಯಲ್ಲಿಟ್ಟೆ.

ಅಪ್ಪ ಗಾಬರಿಯಾದ. ಅದನ್ನು ಉಜ್ಜಲಿಲ್ಲ, ಬೆಳಕಿಗೂ ಹಿಡಿಯಲಿಲ್ಲ. ನನ್ನ ಮುಖವನ್ನೇ ನೋಡುತ್ತ, ಎಡಗೈಯ ಬೆರಳಿನಿಂದ ಆ ಚೂರನ್ನು ಹರಿದ ಜಾಗಕ್ಕೆ ಕೂಡಿಸತೊಡಗಿದ.