ನೋಡಾಕ ಬಂದವರು

ನಮ್ಮ ಕಡೆ ಯಾರಾದರೂ ದವಾಖಾನೆ ಸೇರಿದರೆ ನೋಡಲು ಹೋಗದೆ ಇರುವಂತಿಲ್ಲ. ಹೋಗದವರ ಮಾತು ವರ್ಷಗಟ್ಟಲೆ ನಡೆಯುತ್ತದೆ. ಹೋದವರೂ ತಮ್ಮವರನ್ನಷ್ಟೇ ನೋಡಿ ಎದ್ದು ಬರುವುದಿಲ್ಲ. ಬಾಜೂ ಕಾಟಿನವರನ್ನೂ ‘ಏನಾಗೈತ್ರಿ, ಯಾವೂರ್ರಿ’ ಅಂತ ಕೇಳಿ, ಕೈಯಲ್ಲೊಂದು ಬಾಳೆಹಣ್ಣು ಇಟ್ಟು, ಹಣೆ ಮುಟ್ಟಿ ಬರಬೇಕು. ಇದರಲ್ಲಿ ನನ್ನ ಅತ್ತೆಯವರನ್ನು ಮೀರಿಸುವವರಿಲ್ಲ.

ನನ್ನ ಹೆಂಡತಿ ದ್ರಾಕ್ಷಿ ಕೊಯ್ಲು ಮುಗಿಸಿ ಬರುವಾಗ ಟ್ರಾಲಿಯಿಂದ ಬಿದ್ದು ತೊಡೆಯ ಎಲುಬು ಮುರಿದುಕೊಂಡಳು. ಅಥಣಿಯ ಒಂದು ದವಾಖಾನೆಯಲ್ಲಿ ರಾಡ್ ಹಾಕಿದರು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ರಾಯಬಾಗದಿಂದ ಬಂದ ಅತ್ತೆಯವರು ಮಗಳ ಪಾದ ಒತ್ತಿ, ಹಂಗೇ ಎದ್ದು ಆಚೆ ಕಾಟಿನ ಮುದುಕಿಯ ಸೊಂಟ ತಿಕ್ಕಿ, ಅದರಾಚೆ ಇದ್ದವಳ ತಲೆ ಬಾಚಿ, ಇಡೀ ವಾರ್ಡಿಗೆ ಅವ್ವನಾದರು. ಮರಳಿ ಹೋಗುವಾಗ ಎಲ್ಲರೂ ಅವರಿಗೆ ಕೈ ಮುಗಿದರು.

ಆಮೇಲೆ ಹೊಲಿಗೆ ಹಾಕಿದ ಜಾಗ ಕೆಂಪಾಯಿತು, ಕೀವು ಸೋರತೊಡಗಿತು. ಸಲೈನಿನಲ್ಲಿ ಔಷಧ ಬದಲಿಸಿದರು. ಮತ್ತೆ ಬದಲಿಸಿದರು. ಜ್ವರ ಇಳಿಯಲಿಲ್ಲ. ಕೀವು ಪರೀಕ್ಷೆಗೆ ಹೋಗಿ ಬಂದ ಮೇಲೆ ಡಾಕ್ಟರು ನನ್ನನ್ನು ಕೂಡಿಸಿಕೊಂಡು ಹೇಳಿದರು.

‘ಇದು ನಿಮ್ಮ ಮನ್ಯಾಗಿನ ಹುಳ ಅಲ್ಲ, ಹೊಲದಾಗಿಂದೂ ಅಲ್ಲ. ದವಾಖಾನಿಯೊಳಗ ಇರೂವಂಥಾದ್ದು. ಎಲ್ಲಾ ಔಷಧ ಕುಡದು ಕುಡದು ಗಟ್ಟಿ ಆಗೇತಿ.’

‘ಎಲ್ಲಿಂದ ಬಂತ್ರಿ?’

‘ಹೇಳಾಕ ಆಗೂದಿಲ್ಲ. ನನ್ನ ಕೈಯಿಂದ ಬಂದಿರಬಹುದು. ನರ್ಸ್ ಕೈಯಿಂದ ಬಂದಿರಬಹುದು. ನೋಡಾಕ ಬಂದವ್ರ ಕೈಯಿಂದ ಬಂದಿರಬಹುದು.’

ತಮ್ಮ ಕೈಯನ್ನೇ ಮೊದಲು ಹೇಳಿದರು. ಅದಕ್ಕೇ ನನಗೆ ಸಿಟ್ಟು ಬರಲಿಲ್ಲ. ಐದನೇತ್ತಿಗೆ ಸಾಲಿ ಬಿಟ್ಟವನು ನಾನು. ಆದರೆ ದ್ರಾಕ್ಷಿ ಚಾಟ್ನಿಗೆ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸಕ್ಕೆ, ನನ್ನ ಕೈಯೇ ಬೇಕೆಂದು ತೋಟದವರು ಮನೆ ತನಕ ಬರುತ್ತಾರೆ. ಒಂದೇ ಔಷಧ ಮೇಲಿಂದ ಮೇಲೆ ಹೊಡೆದರೆ ಬಳ್ಳಿಯ ರೋಗ ಅದಕ್ಕೆ ಜಗ್ಗುವುದಿಲ್ಲ ಅನ್ನುವುದನ್ನು ಕಣ್ಣಾರೆ ಕಂಡಿದ್ದೇನೆ. ಬಳ್ಳಿಯಾದರೆ ಕತ್ತರಿಸಿ ಒಗೆಯುತ್ತೇವೆ. ಇಲ್ಲಿ ಹೆಂಡತಿಯ ಕಾಲು.

ಇನ್ನೊಂದೇ ಔಷಧ ಉಳಿದಿತ್ತು, ಅದೂ ಕಿಡ್ನಿಗೆ ಭಾರ. ಅದಕ್ಕೂ ಕೀವು ನಿಲ್ಲದಿದ್ದರೆ ರಾಡ್ ತೆಗೆಯಬೇಕು, ಆಮೇಲೆ ಕಾಲಿನ ಮಾತು ಅಂದರು. ಅವಳನ್ನು ಬೇರೆ ಕೋಣೆಗೆ ಹಾಕಿದರು. ಯಾರನ್ನೂ ಒಳಗೆ ಬಿಡಬೇಡಿ, ಈ ಹುಳ ಇಲ್ಲಿಂದ ಬೇರೆ ಕಾಟಿಗೂ ಹೋಗಬಾರದು ಎಂದು ನರ್ಸ್ ಹೇಳಿದಳು. ನಾನು ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತೆ.

ಅತ್ತೆಯವರು ಒಂದು ಗಾಡಿ ತುಂಬ ಮಂದಿ ಕರೆದುಕೊಂಡು ಬಂದರು. ಕೈಯಲ್ಲಿ ರೊಟ್ಟಿ ಗಂಟು.

‘ಸರೀರಿ ಅಳಿಯದೇವ್ರ, ಬಿಸಿಲಾಗ ಬಂದೀವಿ.’

‘ಒಳಗ ಬಿಡಾಂಗಿಲ್ರಿ ಅತ್ತಿ. ಇಲ್ಲಿಂದನ ಮಾತಾಡಸ್ರಿ.’

ಅವರ ಮೈದುನ ನಕ್ಕ. ‘ಚಾಟ್ನಿ ಬಿಟ್ಟು ವಾಚ್‌ಮನ್ ಆದ್ರೇನ್ರಿ? ಪಗಾರ ಚಲೋ ಐತೇನು?’

ಬಂದವರೆಲ್ಲ ನಕ್ಕರು. ನಾನೂ ನಗಬೇಕಾಗಿತ್ತು, ಆದರೆ ನಿದ್ದೆಯಿಲ್ಲದ ಮುಖಕ್ಕೆ ನಗು ಹತ್ತಲಿಲ್ಲ. ‘ಕೈಯಿಂದ ಕೈಗೆ ಹೋಗು ರೋಗ ಐತಂತ್ರಿ’ ಅಂದುಬಿಟ್ಟೆ.

ಅತ್ತೆಯವರು ಗಂಟನ್ನು ಎದೆಗೆ ಹಿಡಿದು ನಿಂತರು. ‘ಅಂದ್ರ ನನ್ನ ಕೈಯಿಂದ ಬಂತಂತೀರಿ?’

‘ಯಾರ ಕೈಯಿಂದ ಅಂತ ಡಾಕ್ಟರಗೂ ಗೊತ್ತಿಲ್ರಿ.’

‘ಗೊತ್ತಿಲ್ಲಂದ್ರ ನಂದೂ ಇರಬಹುದು ಅಂದಂಗಾತು. ಈ ಕೈಲೇ ಅಕೀನ್ನ ಎರದು ಬೆಳಿಸೀನ್ರಿ.’

ಅಷ್ಟರಲ್ಲಿ ಒಳಗಿಂದ ಹೆಂಡತಿ ‘ಅವ್ವಾ’ ಅಂದಳು. ಅತ್ತೆಯವರು ಹೆಜ್ಜೆ ಮುಂದಿಟ್ಟರು. ನಾನು ಬಾಗಿಲಿಗೆ ತೋಳು ಅಡ್ಡ ಇಟ್ಟೆ. ಅವರು ಅಳಲಿಲ್ಲ, ಬೈಯಲೂ ಇಲ್ಲ. ಗಂಟನ್ನು ಸ್ಟೂಲ್ ಮೇಲಿಟ್ಟು ಮೆಟ್ಟಿಲಿಳಿದರು.

ಆ ಔಷಧ ಏರಿಸುವಾಗ ಹೆಂಡತಿಯ ಕಾಲು, ಮುಖ ಬಾತವು. ಮೂತ್ರ ಕಡಿಮೆಯಾಯಿತೆಂದು ನಿಲ್ಲಿಸುವರು, ಮತ್ತೆ ಹಚ್ಚುವರು. ನೋವಿಗೆ ಅವಳು ಹಲ್ಲು ಕಚ್ಚಿ ಮಲಗುತ್ತಿದ್ದಳು. ಅತ್ತದ್ದು ಅವ್ವನಿಗಾಗಿ.

‘ನಮ್ಮವ್ವನ್ನ ಬಿಡಬೇಕಿತ್ರಿ.’

‘ನಿನ್ನ ಕಾಲು ಹೋಗಿದ್ರ?’

‘ಕಾಲಿನ ಮಾತು ಬ್ಯಾರೆ’ ಅಂದು ಗೋಡೆ ಕಡೆ ತಿರುಗಿದಳು.

ಕೊನೆಗೆ ಕೀವು ಒಣಗಿತು. ‘ಈ ಸಲ ಔಷಧ ಹತ್ತಿತು’ ಅಂದರು ಡಾಕ್ಟರು. ಮುಂದಿನ ಸಲದ ಬಗ್ಗೆ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಾಲು ಉಳಿಯಿತು. ಈಗ ಕೋಲು ಹಿಡಿದು ಅಂಗಳದ ತನಕ ನಡೆಯುತ್ತಾಳೆ.

ಅತ್ತೆಯವರು ಮಾತ್ರ ನಮ್ಮ ಮನೆಗೆ ಬಂದಿಲ್ಲ. ಫೋನ್ ನಾನು ಎತ್ತಿದರೆ ಕಟ್ ಮಾಡುತ್ತಾರೆ. ಕರೆಯಲು ನಾನೇ ರಾಯಬಾಗಕ್ಕೆ ಹೋದೆ. ಹೀಗೆ ಯಾರ ಮನೆಗೂ ಕೇಳಿಕೊಂಡು ಹೋದವನಲ್ಲ ನಾನು.

‘ನಿಮ್ಮ ಮಗಳು ನಡೀತಾಳ್ರಿ. ನೋಡಾಕ ಬರ್ರಿ.’

‘ಮೊದ್ಲ ನನ್ನ ಕೈ ಪರೀಕ್ಷಾ ಮಾಡಸ್ರಿ ಅಳಿಯದೇವ್ರ’ ಅಂದರು.

ತಪ್ಪಾಯಿತು ಅಂದಿದ್ದರೆ ಬರುತ್ತಿದ್ದರೇನೋ. ತಪ್ಪು ಮಾಡಿದ್ದೇನೆ ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ, ಹಂಗಾಗಿ ಅನ್ನಲಿಲ್ಲ. ಚಹಾ ಮಾಡಿದರು. ಕಪ್ಪನ್ನು ನನ್ನ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು ಹಿಂದೆ ಸರಿದರು. ಕುಡಿದು ಬಸ್ ಹಿಡಿದೆ.

ಮನೆಯಲ್ಲಿ ಹೆಂಡತಿ ಬಾಗಿಲಿಗೇ ಬಂದು ನಿಂತಿದ್ದಳು.

‘ಅವ್ವ ಏನಂದ್ಳು?’

‘ಚಾ ಮಾಡಿದ್ರು’ ಅಂದೆ.